ಕಾಲೇಜು ಲೈಬ್ರರಿಯ ಬಟ್ಟೆ ಸಂಗ್ರಹಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಏನು ಮಾಡಬೇಕು?

ಮಡಿಕೇರಿಯಂಥ ಊರಲ್ಲಿ ಜವಳಿ, ವಿನ್ಯಾಸದ ಪುಸ್ತಕಗಳ ಜೊತೆ ಕುಪ್ಯ (ಕೊಡವ ಗಂಡಸರ ಉದ್ದ ಕೋಟು), ಚೇಲೆ (ಅದರ ಮೇಲೆ ಸೊಂಟಕ್ಕೆ ಕಟ್ಟುವ ರೇಷ್ಮೆ ಪಟ್ಟಿ), ರೇಷ್ಮೆ ಸೀರೆಗಳನ್ನೂ ಒಂದೇ ಬೀರುವಿನಲ್ಲಿ ಇಟ್ಟಿರಬಹುದು. ಮೊದಲು ಬಟ್ಟೆಗಳನ್ನು ಪುಸ್ತಕಗಳಿಂದ ಬೇರೆ ಮಾಡಿ.

ಗಾಳಿಯ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ತನ್ನಿ. ತೇವಾಂಶ ಶೇ. 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಏಳುತ್ತದೆ; ಶೇ. 50ರ ಆಸುಪಾಸು ಇದ್ದರೆ ಒಳ್ಳೆಯದು. ಗಾಳಿಯಾಡಲಿ ಎಂದು ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಕಿಟಕಿ ತೆರೆಯುವುದು ಉಲ್ಟಾ ಕೆಲಸ, ಹೊರಗಿನ ಗಾಳಿಯೇ ತೊಯ್ದಿರುತ್ತದೆ. ಬಟ್ಟೆಗೆಂದೇ ಒಂದು ಚಿಕ್ಕ ಕೋಣೆ ಬಿಟ್ಟು, ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ ಓಡಿಸಿ. ಕರೆಂಟು ಹೋದಾಗಿನ ಆಸರೆಗೆ ಬೀರುವಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳುಗಳು ಇರಲಿ. ಹರಳಿನ ಬಣ್ಣ ಬದಲಾದಾಗ 110–120 ಡಿಗ್ರಿಯ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಬೀರು ಹೊರಗೋಡೆಗೆ ತಾಗಬಾರದು.

ಸೀರೆಯನ್ನು ಮಡಚಬೇಡಿ. ಮಡಿಕೆಯಲ್ಲೇ ರೇಷ್ಮೆ ಸೀಳುವುದು, ಜರಿ ಮುರಿಯುವುದು. ದಪ್ಪ ರಟ್ಟಿನ ಕೊಳವೆಗೆ ಆಮ್ಲರಹಿತ ಕಾಗದ ಸುತ್ತಿ, ಅದರ ಮೇಲೆ ಸೀರೆ ಸುರುಳಿ ಮಾಡಿ, ಗಂಜಿ ಹೋಗುವಂತೆ ಒಗೆದ ಬಿಳಿ ಮಲ್‌ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ತೇವ ಒಳಗೇ ಉಳಿಯುತ್ತದೆ. ಕುಪ್ಯವನ್ನು ಹ್ಯಾಂಗರಿಗೆ ತೂಗುಹಾಕಿದರೆ ಹಳೆಯ ಹೊಲಿಗೆಯ ಮೇಲೆ ಭಾರ ಬೀಳುತ್ತದೆ. ತೋಳಿನೊಳಗೆ ಕಾಗದ ತುಂಬಿ ಚಪ್ಪಟೆ ಪೆಟ್ಟಿಗೆಯಲ್ಲಿ ಮಲಗಿಸಿ. ಸಂಖ್ಯೆಯ ಚೀಟಿ ಅಂಟಿಸಬೇಡಿ: ಹತ್ತಿಯ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಒಳ ಅಂಚಿಗೆ ಎರಡು ಹೊಲಿಗೆ ಹಾಕಿದರೆ ಸಾಕು.

ಬೂಷ್ಟು ಬಂದೇಬಿಟ್ಟಿದ್ದರೆ ಒದ್ದೆ ಬಟ್ಟೆಯಿಂದ ಒರೆಸಲು ಹೋಗಬೇಡಿ, ಕಲೆ ಒಳಗಿಳಿಯುತ್ತದೆ. ಕೆಂಪು ಚೇಲೆಯಾದರೆ ಬಣ್ಣವೂ ಬಿಡಬಹುದು. ನೆರಳಲ್ಲಿ ಫ್ಯಾನ್ ಹಾಕಿ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ಝಾಡಿಸಿ. ಬಿಸಿಲಿಗೆ ಹಾಕುವ ನಮ್ಮ ಮನೆಗಳ ರೂಢಿ ಕಂಬಳಿಗೆ ಸರಿ, ಹಳೆಯ ರೇಷ್ಮೆಗಲ್ಲ. ಹುಳ ಬಿದ್ದಿದ್ದರೆ ಮಾತ್ರ ಪಾಲಿಥಿನ್‌ನಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಕಟ್ಟು ಬಿಚ್ಚಬೇಡಿ, ತಣ್ಣನೆಯ ಬಟ್ಟೆಯ ಮೇಲೆ ನೀರು ಕೂರುತ್ತದೆ. ಬೂಷ್ಟು ಮಾತ್ರ ಈ ಚಳಿಗೆ ಸಾಯುವುದಿಲ್ಲ.

ಪುಸ್ತಕಗಳ ವಿಚಾರ ಸುಲಭ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಜವಳಿ ಕಲೆಗೆ 746, ತಯಾರಿಕೆಗೆ 677, ಉಡುಪಿಗೆ 391. ಬಟ್ಟೆಯ ತುಂಡು ಅಂಟಿಸಿದ ಸ್ಯಾಂಪಲ್ ಪುಸ್ತಕಗಳನ್ನು ಮಾತ್ರ ಕಪಾಟಿನಲ್ಲಿ ನಿಲ್ಲಿಸದೆ ಮಲಗಿಸಿಡಿ. ನಿಲ್ಲಿಸಿದರೆ ಉಬ್ಬಿದ ಹಾಳೆಗಳ ಭಾರಕ್ಕೆ ಬೆನ್ನು ಕಿತ್ತುಬರುತ್ತದೆ.