ಸ್ಪ್ಯಾನಿಷ್‌ನಲ್ಲಿ ಬೆಲೆ ಕೇಳುವಾಗ ‘ಕ್ವೆಸ್ತಾ’ ಸರಿಯೋ, ‘ಬಾಲೆ’ ಸರಿಯೋ?

ಅಂಗಡಿಯಲ್ಲಿ ಒಂದು ಶರ್ಟ್ ತೋರಿಸಿ ರೇಟು ಕೇಳೋಕೆ ಎರಡೂ ಸರಿ. ‘ಕ್ವಾಂತೊ ಕ್ವೆಸ್ತಾ?’ ಅನ್ನಿ, ‘ಕ್ವಾಂತೊ ಬಾಲೆ?’ ಅನ್ನಿ, ಎಷ್ಟು ಅಂತ ಹೇಳುತ್ತಾರೆ. ‘ಬಾಲೆ’ ಅಂದರೆ ಒರಟಾಗಿ ಕೇಳಿಸುತ್ತಾ ಅಂತ ಕೇಳಿದ್ದೀರಿ. ಇಲ್ಲ, ಧೈರ್ಯವಾಗಿ ಬಳಸಿ. ಬರೆಯುವಾಗ ಮೊದಲಿಗೆ ‘ವಿ’ ಅಕ್ಷರ ಇರುತ್ತದೆ, ಓದುವಾಗ ‘ಬ’ ಅಂತಲೇ ಓದಿ.

ತರಕಾರಿ, ಮೀನಿನ ಮಾರ್ಕೆಟ್‌ನಲ್ಲಿ ಮಾತ್ರ ನನಗೆ ಇವೆರಡಕ್ಕಿಂತ ಇಷ್ಟವಾದ ಪ್ರಶ್ನೆ ಇನ್ನೊಂದಿದೆ: ‘ಆ ಕೋಮೊ ಎಸ್ತಾನ್ ಲೋಸ್ ತೊಮಾತೆಸ್?’ ‘ಕೋಮೊ’ ಅಂದರೆ ‘ಹೇಗೆ’. ನಾವು ‘ಟೊಮೆಟೊ ಕೆಜಿ ಹೇಗೆ?’ ಅಂತ ಕೇಳಲ್ವಾ, ಅದೇ ಮಾತು! ದಿನಾ ಏರಿಳಿಯುವ ರೇಟಿಗೆ ಇದು ಸರಿಯಾಗಿ ಹೊಂದುತ್ತದೆ. ಎಲ್ಲ ಚೀಲಕ್ಕೆ ಹಾಕಿಸಿಕೊಂಡ ಮೇಲೆ ಒಟ್ಟು ಎಷ್ಟಾಯಿತು ಅನ್ನೋಕೆ ‘ಕ್ವಾಂತೊ ಎಸ್?’ ಸಾಕು. ಹೋಟೆಲಲ್ಲಿ ಬಿಲ್ಲಿಗೆ ‘ಲಾ ಕ್ವೆಂತಾ, ಪೋರ್ ಫಬೋರ್’.

ಕನ್ನಡದವರು ನಿಜವಾಗಿ ಎಚ್ಚರ ವಹಿಸಬೇಕಾದ್ದು ನಮ್ಮ ‘ಬೆಲೆ’ ಪದದ ವಿಷಯದಲ್ಲಿ. ಅಕ್ಕಿಗೂ ಬೆಲೆ ಅಂತೀವಿ, ‘ಅವನ ಮಾತಿಗೆ ಬೆಲೆಯಿಲ್ಲ’ ಅಂತಲೂ ಅಂತೀವಿ. ಸ್ಪ್ಯಾನಿಷ್‌ನಲ್ಲಿ ಚೀಟಿ ಮೇಲಿನ ಬೆಲೆ ‘ಪ್ರೆಸ್ಯೊ’, ಯೋಗ್ಯತೆಯ ಬೆಲೆ ‘ಬಾಲೋರ್’. ಮಾತಿಗೆ ‘ಪ್ರೆಸ್ಯೊ’ ಇಲ್ಲ ಅಂದುಬಿಟ್ಟರೆ ಅರ್ಥ ತಲೆಕೆಳಗು, ಬೆಲೆ ಕಟ್ಟೋಕೇ ಆಗದಷ್ಟು ದೊಡ್ಡದು ಅಂತಾಗುತ್ತದೆ. ಅಲ್ಲಿ ‘ನೋ ಬಾಲೆ ನಾದಾ’ ಅನ್ನಬೇಕು. ‘ನೋಡೋಕೆ ಯೋಗ್ಯ’, ‘ಕಷ್ಟಪಟ್ಟಿದ್ದು ಸಾರ್ಥಕ’ ಅನ್ನೋಕೂ ‘ಬಾಲೆ ಲಾ ಪೇನಾ’ ಇದೆ. ಸ್ಪೇನ್‌ನಲ್ಲಿ ‘ಮೆರೆಥೆ ಲಾ ಪೇನಾ’ ಕೂಡ ಜಾಸ್ತಿ ಕೇಳುತ್ತೀರಿ. ಇಲ್ಲಿ ‘ಕ್ವೆಸ್ತಾ’ ಮಾತ್ರ ತರಲೇಬೇಡಿ. ಅಂಗಡಿಯಲ್ಲಿ ಜೋಡಿಯಾಗಿದ್ದ ಪದಗಳು ಈ ಜಾಗದಲ್ಲಿ ಬೇರೆಯಾಗುತ್ತವೆ.

ಹಾಗಂತ ‘ಕ್ವೆಸ್ತಾ’ ಬರೀ ದುಡ್ಡಿನ ಪದ ಅಲ್ಲ. ‘ಮೆ ಕ್ವೆಸ್ತಾ ಎಂತೆಂದೇರ್’ ಅಂದರೆ ‘ನನಗೆ ಅರ್ಥ ಮಾಡಿಕೊಳ್ಳೋದು ಕಷ್ಟ’. ‘ನಾನು’ ಅಲ್ಲ, ‘ನನಗೆ’. ಕನ್ನಡದಲ್ಲಿ ಯೋಚಿಸಿದರೆ ಈ ವಾಕ್ಯ ತಾನಾಗಿಯೇ ಸರಿಯಾಗಿ ಬರುತ್ತದೆ. ಹೊಸದಾಗಿ ಕಲಿಯುವಾಗ ಯಾರಾದರೂ ಬಡಬಡ ಮಾತಾಡಿದರೆ ಇದನ್ನೇ ಹೇಳಿ, ನಿಧಾನ ಮಾಡುತ್ತಾರೆ.