ಬಾಲ್ಸಾ ಗ್ಲೈಡರ್ ತೂಕ ಇನ್ನೂ ಎಲ್ಲಿ ಕಡಿಮೆ ಮಾಡಬಹುದು?

ಬಾಲ್ಸಾ ಅನ್ನೋ ತುಂಬ ಹಗುರ ಮರದಲ್ಲಿ ನೀವು ಕಟ್ಟಿದ ರೇಡಿಯೊ ಕಂಟ್ರೋಲ್ ಗ್ಲೈಡರ್ ಪ್ಲ್ಯಾನ್‌ನಲ್ಲಿ 420 ಗ್ರಾಂ ಅಂತಿದೆ, ನಿಮ್ಮದು 480 ಬಂದಿದೆ. ಸಮತೂಕಕ್ಕೆ ಅಂತ ಮೂಗಿಗೆ ಸೀಸ ಹಾಕಿದರೆ ಇನ್ನೂ ಜಾಸ್ತಿಯಾಗುತ್ತೆ, ಅದಕ್ಕೆ ಸೀಸ ಬಿಟ್ಟು ಹಾರಿಸಬಹುದಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಬೇಡ. ನಾನು ನನ್ನ ಮೊದಲ ಗ್ಲೈಡರ್ ಕಳೆದುಕೊಂಡಿದ್ದೇ ಹೀಗೆ.

ನನ್ನದೂ 1.2 ಮೀಟರ್ ರೆಕ್ಕೆಯದ್ದು. ಎರಡು ಸರ್ವೋ (ಚಿಕ್ಕ ಮೋಟಾರ್), ಬಾಲದಲ್ಲಿ ಎಡಬಲ ತಿರುಗಿಸೋ ರಡ್ಡರ್ ಮತ್ತು ಮೂಗು ಮೇಲೆ ಕೆಳಗೆ ಮಾಡೋ ಎಲಿವೇಟರ್ ಮಾತ್ರ. ಎರಡು ತಿಂಗಳು ದಿನಾ ಸಂಜೆ ಕೂತು ಕಟ್ಟಿದ್ದೆ. ರೆಕ್ಕೆ ಚೆನ್ನಾಗೇ ಬಂದಿತ್ತು. ರೆಕ್ಕೆಯ ಉದ್ದಕ್ಕೂ ಬೆನ್ನೆಲುಬಿನ ಹಾಗೆ ಹೋಗುವ ಸ್ಪಾರ್ ಎರಡರ ನಡುವೆ ಬಾಲ್ಸಾ ತುಂಡುಗಳನ್ನು, ಎಳೆ ನೆಟ್ಟಗೆ ನಿಲ್ಲುವ ಹಾಗೆ, ಒಂದೊಂದಾಗಿ ಕತ್ತರಿಸಿ ಅಂಟಿಸಿದ್ದೆ. ತಪ್ಪಾಗಿದ್ದು ಬಾಲದಲ್ಲಿ. ಇಳಿಯುವಾಗ ಬಾಲಕ್ಕೇ ಪೆಟ್ಟು ಬೀಳುತ್ತೆ, ಗಟ್ಟಿಯಾಗಿರಲಿ ಅಂದುಕೊಂಡು ಇದ್ದುದರಲ್ಲೇ ಗಟ್ಟಿ ಹಾಳೆ ಆರಿಸಿದೆ. ಉಗುರು ಒತ್ತಿದರೂ ಗುರುತು ಬೀಳದಂಥದ್ದು. ತೂಗಿ ನೋಡಲಿಲ್ಲ. ಬಾಲ್ಸಾ ಹಾಳೆಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಆದರೆ 3 ಮಿಲಿಮೀಟರ್ ದಪ್ಪ, 10 ಸೆಂಟಿಮೀಟರ್ ಅಗಲ, 1 ಮೀಟರ್ ಉದ್ದದ ಒಂದು ಹಾಳೆ 30 ಗ್ರಾಂ ಇದ್ದರೆ ಅದೇ ಅಳತೆಯ ಇನ್ನೊಂದು 60 ಇರಬಹುದು.

ನನ್ನ ಬಾಲ ಬರೀ 10 ಗ್ರಾಂ ಹೆಚ್ಚಾಗಿತ್ತು. ಬರೀ 10 ಅನ್ನಿಸುತ್ತೆ ಅಲ್ವಾ? ಲೆಕ್ಕ ನೋಡಿ. ಭಾರಕೇಂದ್ರದಿಂದ ಬಾಲ 60 ಸೆಂಟಿಮೀಟರ್ ಹಿಂದೆ ಇತ್ತು, ಸೀಸ ಹಾಕೋ ಜಾಗ 20 ಸೆಂಟಿಮೀಟರ್ ಮುಂದೆ. ಅಂದರೆ ಬಾಲದ ಒಂದು ಗ್ರಾಂಗೆ ಮೂಗಿನಲ್ಲಿ ಮೂರು ಗ್ರಾಂ ಬೇಕು. ಪ್ಲ್ಯಾನ್ ಪ್ರಕಾರ ರೆಕ್ಕೆಯ ಮುಂದಿನ ಅಂಚಿನಿಂದ 58 ಮಿಲಿಮೀಟರ್‌ಗೆ ಸಮತೂಕ ಬರಬೇಕಿತ್ತು. ಎರಡು ಬೆರಳ ಮೇಲೆ ಇಟ್ಟು ನೋಡಿದರೆ 72ಕ್ಕೆ ನಿಂತಿತು. ಬ್ಯಾಟರಿ ಆಗಲೇ ಮೂಗಿನ ತುದಿಯಲ್ಲಿತ್ತು, ಇನ್ನು ಮುಂದೆ ತಳ್ಳೋಕೆ ಜಾಗ ಇಲ್ಲ. 30 ಗ್ರಾಂ ಸೀಸ ಬೇಕಿತ್ತು. ಒಂದೊಂದು ಗ್ರಾಂ ಉಳಿಸಿ ಕಟ್ಟಿದ್ದಕ್ಕೆ ಸುಮ್ನೆ ಸೀಸ ತುಂಬಲು ಮನಸ್ಸೇ ಬರಲಿಲ್ಲ. 10 ಗ್ರಾಂ ಹಾಕಿ ನಿಲ್ಲಿಸಿದೆ. 67ಕ್ಕೆ ಬಂತು. 9 ಮಿಲಿಮೀಟರ್ ತಾನೆ, ಸಾಕು ಅಂದುಕೊಂಡೆ.

ಭಾರ ಮುಂದಿದ್ದಾಗ, ಗಾಳಿಯ ಹೊಡೆತಕ್ಕೆ ಮೂಗು ಮೇಲೆದ್ದರೆ ಬಾಲ ತಾನಾಗಿಯೇ ಅದನ್ನು ಸರಿಮಾಡುತ್ತೆ. ಭಾರ ಹಿಂದಕ್ಕೆ ಹೋದಷ್ಟೂ ಆ ಗುಣ ಕಡಿಮೆಯಾಗುತ್ತಾ ಬಂದು ಒಂದು ಹಂತದಲ್ಲಿ ಇಲ್ಲವೇ ಇಲ್ಲ. ಜೊತೆಗೆ ಎಲಿವೇಟರ್ ಸ್ವಲ್ಪ ಮುಟ್ಟಿದರೂ ವಿಪರೀತ ಪ್ರತಿಕ್ರಿಯೆ. ಗುಡ್ಡದ ಅಂಚಿನಲ್ಲಿ ಒಳ್ಳೆ ಗಾಳಿ ಬರ್ತಾ ಇತ್ತು, ಗಾಳಿಗೆ ಎದುರಾಗಿ ಎಸೆದೆ. ಕೈಬಿಟ್ಟ ತಕ್ಷಣ ಮೂಗು ಎತ್ತಿತು. ರಿಮೋಟ್‌ನಲ್ಲಿ ಸ್ವಲ್ಪ ಕೆಳಗೆ ಒತ್ತಿದೆ, ನೇರ ಕೆಳಗೆ ಧುಮುಕಿತು. ಎಳೆದೆ. ಬಾಲದ ಮೇಲೆ ನೆಟ್ಟಗೆ ನಿಂತು, ಒಂದು ಕ್ಷಣ ಹಾಗೇ ನಿಂತುಬಿಟ್ಟು, ಎಡ ರೆಕ್ಕೆ ಬಿದ್ದು ತಿರುಗುತ್ತಾ ಬಂಡೆಗೆ ಹೋಯಿತು. ಇಪ್ಪತ್ತು ಸೆಕೆಂಡೂ ಹಾರಲಿಲ್ಲ. ರೆಕ್ಕೆಯ ಹಿಂದೆಯೇ ಒಡಲು ಮುರಿದು, ಎರಡು ತುಂಡುಗಳೂ ಸರ್ವೋ ವೈರಿನಿಂದ ಜೋತಾಡ್ತಾ ಇದ್ದವು. ಅದನ್ನು ಎತ್ತಿಕೊಂಡು ಇಳಿದು ಬಂದ ದಾರಿ ಇನ್ನೂ ನೆನಪಿದೆ.

ಹಾಗಾಗಿ ನೀವು ಕೇಳಬೇಕಾದ್ದು ಒಟ್ಟು ತೂಕ ಎಷ್ಟು ಅಂತ ಅಲ್ಲ, ತೂಕ ಎಲ್ಲಿದೆ ಅಂತ. 420 ಇದ್ದದ್ದು 480 ಆದರೆ ಹಾರಲು ಬೇಕಾದ ವೇಗ ಸುಮಾರು 7% ಹೆಚ್ಚುತ್ತೆ, ಅಷ್ಟೇ. ಗಾಳಿ ಜೋರಾಗಿದ್ದಾಗ ಗುಡ್ಡದ ಮೇಲೆ ಹಾರಿಸುವವರು ಬೇಕಂತಲೇ ಭಾರ ತುಂಬಿಸುತ್ತಾರೆ, ಇಲ್ಲದಿದ್ದರೆ ಗ್ಲೈಡರ್ ಮುಂದಕ್ಕೇ ಹೋಗಲ್ಲ.

ಕಡಿಮೆ ಮಾಡಲೇಬೇಕು ಅಂದರೆ ಬಾಲ ಬಿಚ್ಚಿ ಹೊಸದು ಮಾಡಿ. ರೆಕ್ಕೆ ಮುಟ್ಟಬೇಡಿ, ಸ್ಪಾರ್ ಅಂತೂ ಖಂಡಿತ ಬೇಡ. ಹಾಳೆಗಳನ್ನು ತೂಗಿ ಹಗುರವಾದದ್ದನ್ನು ಆರಿಸಿ. ಅದರಲ್ಲೂ ಮೈತುಂಬ ಮೀನಿನ ಹುರುಪೆಯ ಹಾಗೆ ಮಿನುಗುವ ಚುಕ್ಕೆಗಳಿರುವ ಹಾಳೆ ಸಿಕ್ಕರೆ ಬಿಡಬೇಡಿ. ಅದು ಹಗುರವಾಗಿದ್ದರೂ ಬಾಗಲ್ಲ, ಚಪ್ಪಟೆ ಬಾಲಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಸುತ್ತಿ ಬಗ್ಗಿಸೋ ಜಾಗಕ್ಕೆ ಮಾತ್ರ ಹಾಕಬೇಡಿ, ಸೀಳುತ್ತೆ. ಸಮತೂಕ ನೋಡೋದು ಹೊರಹೊದಿಕೆಯ ಫಿಲ್ಮ್ ಅಂಟಿಸಿ, ಬ್ಯಾಟರಿ ರಿಸೀವರ್ ಎಲ್ಲ ಕೂರಿಸಿದ ಮೇಲೆ.

ಮೊದಲ ಸಲ ಪ್ಲ್ಯಾನ್‌ಗಿಂತ 5 ಮಿಲಿಮೀಟರ್ ಮುಂದೇ ಇಟ್ಟು ಎಸೆಯಿರಿ. ಎತ್ತರಕ್ಕೆ ಹೋದ ಮೇಲೆ ಕೈ ಬಿಟ್ಟರೂ ನೇರ ಹಾರುವಂತೆ ಎಲಿವೇಟರ್ ಹೊಂದಿಸಿ (ಟ್ರಿಮ್ ಮಾಡಿ), ಮೂಗು ಕೆಳಗೆ ಮಾಡಿ ಧುಮುಕಿಸಿ ಕೈ ಬಿಡಿ. ತಾನೇ ಜೋರಾಗಿ ಮೇಲೆದ್ದರೆ ಮೂಗು ಭಾರ, ಸ್ವಲ್ಪ ಸೀಸ ತೆಗೀಬಹುದು. ಇನ್ನೂ ಕಡಿದಾಗಿ ಒಳಗೆ ಹೋಗ್ತಾ ಇದ್ದರೆ ಬಾಲ ಭಾರ, ತಕ್ಷಣ ಎಳೆದು ಇಳಿಸಿಬಿಡಿ. ಹೊಸ ಬಾಲ ಹಾಕಿದ ಎರಡನೇ ಗ್ಲೈಡರನ್ನು ನಾನು 11 ಗ್ರಾಂ ಸೀಸದೊಂದಿಗೆ ಎಸೆದೆ, ಹೀಗೆ ನಾಲ್ಕೈದು ಸಲ ನೋಡಿದ ಮೇಲೆ 5 ಗ್ರಾಂ ತೆಗೆದೆ. ಉಳಿದ 6 ಇನ್ನೂ ಮೂಗಿನಲ್ಲೇ ಇದೆ.