ಇಂಗ್ಲಿಷ್ ಅರ್ಜಿ ಬರೆಯುವಾಗ ಉಸಿರು ನಿಂತಲ್ಲೆಲ್ಲ ಕಾಮಾ ಹಾಕಿದರೆ ತಪ್ಪೇ?

ತಪ್ಪು. ಇಂಗ್ಲಿಷ್ ಕಾಮಾ ಉಸಿರಿನ ಲೆಕ್ಕದ್ದಲ್ಲ, ವಾಕ್ಯದ ಕಟ್ಟಿನ ಲೆಕ್ಕದ್ದು. ‘ದ ಬಸ್ ಫ್ರಮ್ ಬಾಗಲಕೋಟೆ ಟು ಬೆಳಗಾವಿ, ಈಸ್ ಲೇಟ್’ ಎಂದು ಓದುವಾಗ ಬೆಳಗಾವಿ ಆದಮೇಲೆ ದನಿ ನಿಲ್ಲುತ್ತದೆ, ನಿಜ. ಆದರೆ ಕರ್ತೃಪದ ಎಷ್ಟೇ ಉದ್ದವಿರಲಿ, ಅದರ ಮತ್ತು ಕ್ರಿಯಾಪದದ ನಡುವೆ ಒಂಟಿ ಕಾಮಾ ಬರಕೂಡದು. ತೆಗೆದುಬಿಡಿ.

ನಮ್ಮ ಕಡೆಯ ಅರ್ಜಿಗಳಲ್ಲಿ ಪದೇ ಪದೇ ಕಾಣುವ ಇನ್ನೊಂದು ತಪ್ಪು: ‘ಐ ಲಿವ್ ಇನ್ ವಿಜಯಪುರ, ಐ ವರ್ಕ್ ಇನ್ ಜಮಖಂಡಿ’. ಕನ್ನಡದಲ್ಲಿ ಇಂಥದ್ದು ಸಲೀಸಾಗಿ ನಡೆಯುತ್ತದೆ; ಇಂಗ್ಲಿಷ್‌ನಲ್ಲಿ ಎರಡು ಪೂರ್ಣ ವಾಕ್ಯಗಳನ್ನು ಬರೀ ಕಾಮಾ ಹಿಡಿದಿಡಲಾರದು. ಫುಲ್‌ಸ್ಟಾಪ್ ಇಡಿ, ಇಲ್ಲವೇ ಕಾಮಾ ಉಳಿಸಿಕೊಂಡು ‘ಬಟ್’ ಸೇರಿಸಿ.

‘ಇಫ್’ ಭಾಗ ಮೊದಲು ಬಂದರೆ ಅದು ಮುಗಿದಲ್ಲಿ ಕಾಮಾ ಬೇಕು. ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ.